ಮುನ್ನೂರ ಅರವತ್ತನಾಲ್ಕು

ಬ್ರಹ್ಮಾವರದಲ್ಲಿ ಬಸ್ಸಿಳಿದ ಮೇಲೂ ಯಾರೋ ತನ್ನನ್ನು ಗಮನಿಸುತ್ತಿದ್ದಾರೆಂಬ ಭಾವ ಜಲಜಳನ್ನು ಬಿಡಲಿಲ್ಲ. ಅದು ಶುರುವಾದದ್ದು ಮರವಂತೆಯಲ್ಲೇ, ಬಸ್ಸು ಹತ್ತಿದ ಗಳಿಗೆಯಲ್ಲೇ ಇರಬೇಕು. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ. ನಡುವಿನ ರಸ್ತೆಯಲ್ಲಿ ಬಸ್ಸು ಓಡುತ್ತಿದ್ದಾಗ ಪಕ್ಕದಲ್ಲಿ ಕೂತ ಹೆಂಗಸು ಕಡಲು ನೋಡುವವಳ ಹಾಗೆ ಮುಖ ತಿರುಗಿಸಿದ್ದಳು. ಆದರೆ ತಲ್ಲೂರು ದಾಟಿ ಕಡಲು ಕಣ್ಮರೆಯಾದ ಮೇಲೂ ಅವಳ ಮುಖ ಈಚೆ ತಿರುಗಿರಲಿಲ್ಲ. ಚೀಲದಿಂದ ವಾಸನೆ ಬರುತ್ತಿದೆಯೇ? ಜಲಜ ಬಗ್ಗಿ ಮೂಸಿ ನೋಡಿದಳು. ಗೊತ್ತಾಗಲಿಲ್ಲ. ಹುಟ್ಟಿದಾಗಿನಿಂದ ಮೂಗಿನಲ್ಲಿರುವ ವಾಸನೆ ಮೂಗಿಗೆ ಗೊತ್ತಾಗುವುದು ಹೇಗೆ? ಹೊರಡುವ ಹೊತ್ತಿಗೆ ತಾಯಿ ಅಕ್ಕು ಒಣಚಟ್ಲಿಯನ್ನು, ತಾನೇ ಒಣಗಿಸಿದ ಸಿಗಡಿಯನ್ನು, ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲದೊಳಗೆ ತುರುಕಿದ್ದಳು. "ಹೆಣೆ, ಇದ್ ಆ ಲೈಬ್ರರಿ ಅಮ್ಮಂಗೆ ಕೊಡ್. ನಿಂಗ್ ಪುಸ್ತಕ ಎಲ್ಲ ಹುಡ್ಕಿ ಕೊಡ್ತ್ರಲೆ. ಸುಮ್ನೆ ಕೈ ಬೀಸ್ಕಂಡ್ ಹೋಪುದ್ ಚಂದ ಅಲ್ಲ." ಬೇಡವೆಂದರೆ ತಾಯಿಗೆ ನೋವು. ತಾನು ಕುಂದಾಪುರದ ಮಾರ್ಕೆಟ್ಟಿನಲ್ಲಿ ಕೂತು ಮಾರುವ ವಸ್ತುವಿನ ಬಗ್ಗೆ ಮಗಳಿಗೆ ನಾಚಿಕೆ ಎಂದು ಅವಳು ತಿಳಿದಾಳು. ನಾಚಿಕೆಯೇನೋ ಇತ್ತು. ಅದಕ್ಕೇ ಜಲಜ ಮರುಮಾತಾಡದೆ ತಂದಿದ್ದಳು.

ವಿಶ್ವವಿದ್ಯಾನಿಲಯದ ಅಧ್ಯಯನ ಕೇಂದ್ರ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಒಂದು ಹಳೆಯ ಕಟ್ಟಡದ ಮಾಳಿಗೆಯ ಮೇಲಿತ್ತು. ಅಂಚೆಯ ಮೂಲಕ ಓದುವವರಿಗೆ ಬೇರೆ ದಿನ ಬಿಡುವಿಲ್ಲವೆಂದು ಅದರ ಗ್ರಂಥಾಲಯವನ್ನು ಭಾನುವಾರವೂ ತೆರೆಯುತ್ತಿದ್ದರು. ವಾರವಿಡೀ ಬೈಂದೂರಿನ ಖಾಸಗಿ ಶಾಲೆಯೊಂದರಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುವ ಜಲಜ, ಅಪರಾಧಶಾಸ್ತ್ರದಲ್ಲಿ ಎಂ.ಎ. ಮಾಡಲು ಹಣ ಕಟ್ಟಿದ್ದಾಳೆಂದು ತಿಳಿದಾಗ ಸಹೋದ್ಯೋಗಿಗಳು ನಕ್ಕಿದ್ದರು. ಪೊಲೀಸ್ ಕೆಲಸಕ್ಕೆ ಸೇರುತ್ತೀಯಾ ಎಂದು ಕೇಳಿದವರಿಗೆ ಅವಳು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಮೊದಲ ದಿನ ಇಲ್ಲಿಗೆ ಬಂದಾಗ ಇಷ್ಟೊಂದು ಪುಸ್ತಕಗಳ ನಡುವೆ ತನಗೆ ಬೇಕಾದ್ದು ಎಲ್ಲಿದೆಯೆಂದು ಕೇಳಲೂ ಬಾಯಿ ಬರದೆ ಬಾಗಿಲಲ್ಲಿ ನಿಂತಿದ್ದಳು. ಗ್ರಂಥಪಾಲಕಿ ಸ್ನೇಹಲತಾ ಕನ್ನಡಕ ತೆಗೆದು ಒರೆಸುತ್ತಾ ಹತ್ತಿರ ಕರೆದು, ಸಣ್ಣ ಸಣ್ಣ ಖಾನೆಗಳ ಮರದ ಕಪಾಟಿನ ಮುಂದೆ ನಿಲ್ಲಿಸಿದ್ದರು. "ಲೇಖಕರ ಹೆಸರು ಗೊತ್ತಿದ್ದರೆ ಈ ಕಡೆ. ಗೊತ್ತಿಲ್ಲ, ವಿಷಯ ಮಾತ್ರ ಗೊತ್ತು ಅಂತಾದರೆ ಆ ಕಡೆ. ಕಾರ್ಡಿನ ಮೇಲೆ ಮೂಲೆಯಲ್ಲಿರುವ ನಂಬರೇ ಪುಸ್ತಕದ ಮನೆ ನಂಬರು. ನಿಮ್ಮದು ಮುನ್ನೂರ ಅರವತ್ತನಾಲ್ಕು. ಅದರ ಪಕ್ಕದ್ದು ಜೈಲು." ಆಮೇಲೆ ಮತ್ತೊಂದು ಮಾತು ಹೇಳಿದ್ದರು: "ಒಂದು ಪುಸ್ತಕ ಸಿಕ್ಕಿದರೆ ಅದರ ಕೊನೆಯ ಪುಟಗಳನ್ನು ನೋಡಿ. ಬರೆದವರು ಯಾವ ಯಾವ ಪುಸ್ತಕ ಓದಿದ್ದಾರೆ ಅಂತ ಅಲ್ಲಿ ಇರುತ್ತೆ. ಅದನ್ನು ಹಿಡಿದುಕೊಂಡು ಮುಂದಿನದಕ್ಕೆ ಹೋಗಿ. ನಮ್ಮಲ್ಲಿ ಇಲ್ಲದ್ದನ್ನು ದೊಡ್ಡ ಲೈಬ್ರರಿಯಿಂದ ತರಿಸಿಕೊಡುತ್ತೇನೆ." ಒಬ್ಬರ ಬೆನ್ನು ಹಿಡಿದು ಇನ್ನೊಬ್ಬರ ಮನೆಗೆ ಹೋಗುವ ಈ ವಿದ್ಯೆ ಜಲಜಳಿಗೆ ಬೇಗ ಒಗ್ಗಿತು. ವಿಷಯದ ಖಾನೆಯಲ್ಲಿ ಕಳ್ಳತನ ಎಂಬ ಕಾರ್ಡು ಎಳೆದರೆ, ಇದನ್ನೂ ನೋಡಿ: ಸಂಶಯಿತರು, ಅದನ್ನು ಎಳೆದರೆ, ಇದನ್ನೂ ನೋಡಿ: ವಿಚಾರಣೆ, ಅದನ್ನು ಎಳೆದರೆ, ಇದನ್ನೂ ನೋಡಿ: ಸುಳ್ಳು ಹೇಳುವುದು. ಎಳೆಯುತ್ತಾ ಹೋದ ಹಾಗೆ ಬೆರಳಿಗೆ ಹಳೆಯ ಕಾರ್ಡುಗಳ ಧೂಳು ಹತ್ತುತ್ತಿತ್ತು. ಯಾರೋ ತನಗೆಂದೇ ಮುಂಚಿತವಾಗಿ ದಾರಿ ಮಾಡಿಟ್ಟಿದ್ದಾರೆ, ದಾರಿಯ ತುದಿಯಲ್ಲಿ ಕೂತು ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು.

ತುದಿಯಲ್ಲಿ ಕೂತಿದ್ದವನು ಅಣ್ಣ ಗೋವರ್ಧನ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ತನಗೆ ತಾನೇ ಹೇಳಿಕೊಳ್ಳುವಾಗಲೂ ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಕೆರೆಮನೆ ಚಂದಯ್ಯನ ದೋಣಿಯ ಸೀಮೆಎಣ್ಣೆ ಎಂಜಿನ್ ಕಳವಾಯಿತು. ಮಾರನೆಯ ದಿನವೇ ಪೊಲೀಸರು ಗೋವರ್ಧನನನ್ನು ಕರೆದುಕೊಂಡು ಹೋದರು. ಚಂದಯ್ಯನಿಗೂ ಅವನಿಗೂ ಮೀನಿನ ಪಾಲಿನ ವಿಷಯದಲ್ಲಿ ದಡದ ಮೇಲೆ ಜಗಳವಾಗಿತ್ತು, ನಾಲ್ಕು ಜನ ಕೇಳಿದ್ದರು, ಅಷ್ಟು ಸಾಕಾಗಿತ್ತು. ಎಂಜಿನ್ ಸಿಗಲಿಲ್ಲ, ಕೇಸೂ ಆಗಲಿಲ್ಲ. ಅವನನ್ನು ಬಿಟ್ಟರು. ಆದರೆ ಊರು ಬಿಡಲಿಲ್ಲ. ಯಾರೂ ಬಯ್ಯಲಿಲ್ಲ, ಯಾರೂ ಹೊಡೆಯಲಿಲ್ಲ. ಬರೀ ದೋಣಿಗೆ ಕರೆಯುವುದನ್ನು ನಿಲ್ಲಿಸಿದರು. ಅಂದಿನಿಂದ ಅವನು ಮನೆಯ ಹಿಂದೆ ತೆಂಗಿನ ಬುಡದಲ್ಲಿ ಕೂತು ಬೇರೆಯವರ ಹರಿದ ಬಲೆ ಕಟ್ಟಿಕೊಡುತ್ತಾನೆ. ಬಲೆಯನ್ನೂ ಅವರು ತಾವೇ ತಂದು ಕೊಡುವುದಿಲ್ಲ, ಅಕ್ಕುವಿನ ಕೈಯಲ್ಲಿ ಕಳಿಸುತ್ತಾರೆ. ಪೊಲೀಸರು ಬಂದ ಬೆಳಿಗ್ಗೆ ಜಲಜ ಬಾಗಿಲಲ್ಲಿ ನಿಂತಿದ್ದಳು. ನಿನ್ನಣ್ಣ ಮನೆಗೆ ಬಂದದ್ದು ಯಾವಾಗ ಎಂದು ಅವರಲ್ಲೊಬ್ಬ ಕೇಳಿದ. ಅಂದೇ ನಸುಕಿನಲ್ಲಿ ಬಾವಿಕಟ್ಟೆಯ ಹತ್ತಿರ ಅಣ್ಣ ಕಾಲು ತೊಳೆಯುತ್ತಿದ್ದುದನ್ನು, ಅವನ ಕೈಯಿಂದ ಸೀಮೆಎಣ್ಣೆಯ ವಾಸನೆ ಬಂದದ್ದನ್ನು ಅವಳು ಗಮನಿಸಿದ್ದಳು. "ಗೊತ್ತಿಲ್ಲೆ" ಎಂದಳು. ಆದರೆ ಹಾಗೆನ್ನುವ ಮೊದಲು ಒಂದು ಕ್ಷಣ ತಡೆದಿದ್ದಳು. ಆ ತಡೆಯನ್ನು ಪೊಲೀಸಿನವನು ನೋಡಿದ. ಅವನು ನೋಡಿದ್ದನ್ನು ಅಣ್ಣನೂ ನೋಡಿದ. ಕಡಲಿಗೆ ಹೋಗುವವನ ಕೈ ಸೀಮೆಎಣ್ಣೆ ವಾಸನೆ ಹೊಡೆಯದೆ ಮಲ್ಲಿಗೆಯ ವಾಸನೆ ಬೀರುತ್ತದೆಯೇ ಎಂದು ಈಗ ಅನ್ನಿಸುತ್ತದೆ. ಆಗ ಯಾಕೆ ಅನ್ನಿಸಲಿಲ್ಲ? ಮನೆಯಲ್ಲಿ ಆ ವಿಷಯ ಆಮೇಲೆ ಯಾರೂ ಎತ್ತಲಿಲ್ಲ. ತಾಯಿ ಎತ್ತದೇ ಇದ್ದದ್ದು ನಂಬಿಕೆಯಿಂದಲೋ ಭಯದಿಂದಲೋ ಎಂದು ಜಲಜ ಎಷ್ಟೋ ಸಲ ಅವಳ ಮುಖ ನೋಡಿ ಲೆಕ್ಕ ಹಾಕಿದ್ದುಂಟು. ಈ ಕಪಾಟಿನಲ್ಲಿ ಮೊದಲು ಸಿಕ್ಕ ದಪ್ಪ ಪುಸ್ತಕದಲ್ಲಿ, ಹಿಂದಿನ ಕಾಲದ ವೈದ್ಯರು ಕಳ್ಳರ ಕಿವಿ, ದವಡೆ, ಹುಬ್ಬುಗಳನ್ನು ಅಳೆದು ಬರೆಸಿದ ಚಿತ್ರಗಳಿದ್ದವು. ಇದೆಲ್ಲ ಸುಳ್ಳು ಎಂದು ಅದರ ಮುಂದಿನ ಅಧ್ಯಾಯದಲ್ಲೇ ಬರೆದಿತ್ತು. ಆದರೂ ಆ ದಿನ ಊಟಕ್ಕೆ ಕೂತಾಗ ಅವಳ ಕಣ್ಣು ಅಣ್ಣನ ಕಿವಿಯ ಮೇಲೆ ಹೋಯಿತು. ಅವನು ಅನ್ನಕ್ಕೆ ಸಾರು ಕಲಸುತ್ತಾ, "ಎಂತ, ಕಿವಿಯಲ್ ಎಂತಾರೂ ಇತ್ತಾ?" ಎಂದು ಒರೆಸಿಕೊಂಡಿದ್ದ.

ಕಳೆದ ಭಾನುವಾರ ನಡೆದದ್ದು ಬೇರೆ. ಪರೀಕ್ಷೆಯ ಜೊತೆಗೆ ಕೊಡಬೇಕಾದ ಪ್ರಬಂಧಕ್ಕಾಗಿ ಅವಳು ಹುಡುಕುತ್ತಿದ್ದ ಒಂದು ಲೇಖನದ ಸುಳಿವು ಮತ್ತೊಂದು ಪುಸ್ತಕದ ಕೊನೆಯ ಪುಟದಲ್ಲಿ ಸಿಕ್ಕಿತ್ತು: ಸಣ್ಣ ಮೀನುಗಾರಿಕಾ ಬಂದರುಗಳಲ್ಲಿ ಆಗುವ ಕಳ್ಳತನಗಳ ಬಗ್ಗೆ ಹಳೆಯ ಪತ್ರಿಕೆಯೊಂದರಲ್ಲಿ ಬಂದದ್ದು. ಸ್ನೇಹಲತಾ ಒಳಕೋಣೆಯಿಂದ ಆ ವರ್ಷದ ಸಂಚಿಕೆಗಳನ್ನು ಸೇರಿಸಿ ಕಟ್ಟಿದ ಸಂಪುಟ ತಂದುಕೊಟ್ಟರು. ಚೀಟಿಯ ಮೇಲೆ ಅವಳ ಹೆಸರು ಬರೆಸಿಕೊಂಡರು. ಜಲಜ ಪುಟ ಮಗುಚಿದಳು. ಲೇಖನ ಇರಬೇಕಾದಲ್ಲಿ ಇರಲಿಲ್ಲ. ಇನ್ನೂರ ಹನ್ನೆರಡು ಆದ ಮೇಲೆ ಇನ್ನೂರ ಇಪ್ಪತ್ತೊಂಬತ್ತು. ನಡುವೆ, ಹೊಲಿಗೆಯ ಹತ್ತಿರ, ಬ್ಲೇಡಿನಿಂದ ಎಳೆದ ಹಾಗೆ ಕಾಗದದ ಸಣ್ಣ ಅಂಚು ಎದ್ದು ನಿಂತಿದ್ದದ್ದು ಅವಳ ಕಣ್ಣಿಗೆ ಬಿತ್ತು. ತಟ್ಟನೆ ಸಂಪುಟ ಮುಚ್ಚಿದಳು. ಹೇಳಬೇಕು. ಯಾರಿಗೆ? ಸ್ನೇಹಲತಾರಿಗೆ. ಹೇಳಿದರೆ ಅವರು ಮೊದಲು ಕೇಳುವುದು ಏನು? ಕೊನೆಗೆ ತೆಗೆದುಕೊಂಡವರು ಯಾರು ಎಂದು. ಚೀಟಿಯಲ್ಲಿ ಯಾರ ಹೆಸರಿದೆ? ಆ ಲೇಖನ ಯಾರಿಗೆ ಬೇಕಿತ್ತು? ಇಲ್ಲಿಗೆ ಬರುವವರಲ್ಲಿ ಮೀನಿನ ಸುದ್ದಿ ಯಾರಿಗೆ ಬೇಕು? ಎಲ್ಲ ಪ್ರಶ್ನೆಗಳೂ ತನ್ನ ಕಡೆಗೇ ಬೆರಳು ತೋರಿಸುತ್ತಿರುವಂತೆ ಕಂಡು, ಅವಳು ಬೇರೇನನ್ನೋ ಓದುತ್ತಿರುವವಳ ಹಾಗೆ ಸ್ವಲ್ಪ ಹೊತ್ತು ಕೂತು, ಸಂಪುಟವನ್ನು ಮೇಜಿನ ಮೇಲಿಟ್ಟು, "ಆಯ್ತು ಮೇಡಂ" ಎಂದು ಎದ್ದು ಬಂದಿದ್ದಳು. ವಾರವಿಡೀ ಆ ಅಂಚು ಕಣ್ಣಿಗೆ ಕಟ್ಟಿತ್ತು. ದಿನ ಹೋದಂತೆ ಅದು ಇನ್ನಷ್ಟು ಸ್ಪಷ್ಟವಾಯಿತು. ಬ್ಲೇಡು ಒಂದು ಕಡೆ ಜಾರಿ ಪಕ್ಕದ ಪುಟಕ್ಕೂ ತಾಗಿದ್ದು ಕೂಡ ನೆನಪಿಗೆ ಬಂತು. ಹಾಗೆಯೇ ಕೀರ್ತನನ ನೆನಪೂ ಬಂತು.

ಕೀರ್ತನ್ ಬ್ರಹ್ಮಾವರದವನೇ, ಕಾನೂನು ಓದುವ ಹುಡುಗ. ಮನೆಯವರಿಗೆ ಪುಣೆಯಲ್ಲಿ ಹೋಟೆಲುಗಳಿವೆಯೆಂದು ಅವನ ಚಪ್ಪಲಿ ನೋಡಿದರೇ ಗೊತ್ತಾಗುತ್ತಿತ್ತು. ಅವನೂ ಅದೇ ಕಪಾಟಿನ ಪುಸ್ತಕಗಳನ್ನು ಓದುತ್ತಿದ್ದ. ಒಂದು ಸಲ ಅವಳು ಪಕ್ಕದಲ್ಲಿ ಬಂದು ಕೂತಾಗ ಅವನು ಎದ್ದು ಆಚೆಯ ಮೇಜಿಗೆ ಹೋಗಿದ್ದ. ಮೂಗು ಮುಚ್ಚಿಕೊಂಡಿರಲಿಲ್ಲ, ಏನೂ ಅಂದಿರಲಿಲ್ಲ. ಆದರೆ ಎದ್ದು ಹೋಗಿದ್ದ. ಆ ಮೇಜಿನಲ್ಲಿ ಕೂತು ಅವನು ಪೆನ್ಸಿಲ್ಲನ್ನು ಬ್ಲೇಡಿನಿಂದ ಹೆರೆಯುತ್ತಿದ್ದದ್ದನ್ನು ಅವಳು ನೋಡಿದ್ದಳು. ಹೆರೆದ ಚೂರುಗಳನ್ನು ಜೋಪಾನವಾಗಿ ಕಾಗದದಲ್ಲಿ ಕಟ್ಟಿ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಅಷ್ಟು ಚೊಕ್ಕಟ ಯಾಕೆ?

ಇವತ್ತು ಅವಳು ಚೀಲವನ್ನು ಬಾಗಿಲ ಹೊರಗಿನ ಕಪಾಟಿನಲ್ಲಿಟ್ಟು ಒಳಗೆ ಬಂದಾಗ ಸ್ನೇಹಲತಾ ತಲೆಯೆತ್ತಿ ನೋಡಿದರು, ನಗಲಿಲ್ಲ. ಕೀರ್ತನ್ ತನ್ನ ಮೂಲೆಯಲ್ಲಿ ಕೂತಿದ್ದ. ಗಣಕಯಂತ್ರದ ಮೇಲೆ ಹೂವಿನ ಬಟ್ಟೆ ಹೊದೆಸಿತ್ತು. ಮೇಜಿನ ಮೇಲೆ ಅದೇ ಸಂಪುಟ ಇತ್ತು.

"ಜಲಜ, ಸ್ವಲ್ಪ ಇಲ್ಲಿ ಬನ್ನಿ."

ಹೋದಳು.

"ಉಡುಪಿಯಿಂದ ಒಬ್ಬರು ಇದರಲ್ಲಿನ ಲೇಖನದ ಪ್ರತಿ ಕೇಳಿದ್ದರು. ತೆಗೆದು ನೋಡುತ್ತೇನೆ, ಪುಟಗಳೇ ಇಲ್ಲ. ನೀವು ನೋಡಿದ್ದಿರಿ ಅಲ್ವಾ ಕಳೆದ ವಾರ?"

"ನೋಡಿದ್ದೆ ಮೇಡಂ."

"ಪುಟ ಇತ್ತಾ ಆಗ?"

ಇತ್ತೆಂದರೆ ತಾನೇ ಕಳ್ಳಿ. ಇರಲಿಲ್ಲವೆಂದರೆ ಯಾಕೆ ಹೇಳಲಿಲ್ಲ? ಉತ್ತರ ಹೊರಡುವ ಮೊದಲು ಒಂದು ಕ್ಷಣ ತಡೆಯಾಯಿತು. ಆ ತಡೆಯನ್ನು ಸ್ನೇಹಲತಾ ನೋಡುತ್ತಿದ್ದಾರೆಂಬುದು ಅವಳಿಗೆ ಗೊತ್ತಾಯಿತು. ವಿಚಾರಣೆಯ ಪುಸ್ತಕದಲ್ಲಿ ಇಂಥ ತಡೆಗೇ ಒಂದು ಅಧ್ಯಾಯವಿತ್ತು.

"ಇರ್ಲಿಲ್ಲ" ಎಂದಳು.

"ಮತ್ತೆ ಆವತ್ತೇ ಹೇಳಬಾರದಿತ್ತಾ?"

"ಹೆದರಿಕೆ ಆಯ್ತು."

"ನೀವು ಮಾಡದಿದ್ದ ಮೇಲೆ ಹೆದರಿಕೆ ಯಾಕೆ?"

ಅವರು ಗಟ್ಟಿಯಾಗಿ ಹೇಳಲಿಲ್ಲ. ಬಯ್ಯುವ ದನಿಯೂ ಅಲ್ಲ. ಮಕ್ಕಳಿಗೆ ತಿಳಿಹೇಳುವಾಗ ಜಲಜಳೇ ಬಳಸುವ ದನಿ ಅದು. ಆದರೆ ಇದೇ ಮಾತನ್ನು ಆ ಬೆಳಿಗ್ಗೆ ಪೊಲೀಸಿನವನು ಅಣ್ಣನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದ, ಅವನೂ ಗಟ್ಟಿಯಾಗಿ ಹೇಳಿರಲಿಲ್ಲ. ಅಣ್ಣ ಆಗ ಏನು ಮಾಡಿದ್ದ? ಕಾಲ ಬುಡವನ್ನೇ ನೋಡುತ್ತಿದ್ದ. ಆ ನೋಟವನ್ನೇ ಅವಳು ಇಷ್ಟು ವರ್ಷ ಒಪ್ಪಿಗೆಯ ಹಾಗೆ ಓದಿಕೊಂಡು ಬಂದಿದ್ದಳು. ತಾನೀಗ ಏನು ನೋಡುತ್ತಿದ್ದೇನೆ ಎಂದು ಗಮನಿಸಿದಳು. ನೆಲಕ್ಕೆ ಹಾಸಿದ ಕೆಂಪು ಸಿಮೆಂಟು. ಅದರಲ್ಲೊಂದು ಬಿರುಕು. ತಲೆಯೆತ್ತಬೇಕು, ಎತ್ತದಿದ್ದರೆ ತಪ್ಪಾಗುತ್ತದೆ, ಎತ್ತಿದರೆ ನಾಟಕವಾಗುತ್ತದೆ. ಏನೇ ಮಾಡಿದರೂ ಅದಕ್ಕೊಂದು ಅರ್ಥ ಹುಟ್ಟುವ ಜಾಗದಲ್ಲಿ ನಿಂತ ಮೇಲೆ ಮನುಷ್ಯ ಏನು ಮಾಡಬೇಕು? ಬಾಯಿ ತಾನಾಗಿಯೇ ಮಾತಾಡಿತು.

"ಅವ್ರ್ ಹತ್ರ ಬ್ಲೇಡ್ ಇರ್ತದೆ, ಮೇಡಂ."

ಮೆಲ್ಲಗೇ ಹೇಳಿದ್ದಳು. ಆದರೆ ಪಿಸುಮಾತು ಕೂಡ ಗೋಡೆಗೆ ತಾಗಿ ವಾಪಸು ಬರುವಂಥ ಕೋಣೆ ಅದು. ಕೀರ್ತನ್ ಪುಸ್ತಕದಿಂದ ತಲೆಯೆತ್ತಿದ. ಅವನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಕೆಂಪಾದದ್ದು ಯಾಕೆ, ಬಿಳಿಚಿದ್ದು ಯಾಕೆ ಎಂದು ಜಲಜ ಅಲ್ಲೂ ಓದತೊಡಗಿದ್ದಳು.

"ನಾನಾ?" ಎಂದ ಅವನು. ಎದ್ದು ಬಂದು ಕಿಸೆಯಿಂದ ಅರ್ಧ ಬ್ಲೇಡು, ಪೆನ್ಸಿಲ್ಲು, ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. "ಕಾಣಿ ಮೇಡಂ. ನನ್ ಚೀಲವನ್ನೂ ಕಾಣಿ."

"ಬೇಡ ಕೀರ್ತನ್, ನೀವು ಅಂಥವರಲ್ಲ" ಎಂದರು ಸ್ನೇಹಲತಾ. ಹೇಳಿ ಮುಗಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೇ ಅರಿವಾಯಿತೋ ಏನೋ, ಅವಸರವಾಗಿ ಸೇರಿಸಿದರು: "ಅಲ್ಲ, ಹೇಗೂ ಎಲ್ಲರದ್ದೂ ನೋಡಬೇಕು ಅಂತ ನಿಯಮ ಇದೆ. ಇಬ್ಬರದ್ದೂ ನೋಡಿಬಿಡುತ್ತೇನೆ. ಒಳ್ಳೆಯದು."

ಹೊರಗಿನ ಕಪಾಟಿನಿಂದ ಎರಡೂ ಚೀಲಗಳನ್ನು ತಂದರು. ಕೀರ್ತನನ ಚೀಲದ ಬಾಯಿ ಅಗಲಿಸಿ ಇಣುಕಿ ಪಕ್ಕಕ್ಕಿಟ್ಟರು. ಜಲಜಳ ಚೀಲವನ್ನು ಮೇಜಿನ ಮೇಲೆ ಒಂದೊಂದಾಗಿ ಬರಿದು ಮಾಡಿದರು. ಬುತ್ತಿ, ಕೊಡೆ, ಶಾಲೆಯ ಮಕ್ಕಳ ತಿದ್ದದ ಪುಸ್ತಕಗಳು, ಬಾಚಣಿಗೆ. ಎಲ್ಲಕ್ಕಿಂತ ಕೆಳಗೆ ಪ್ಲಾಸ್ಟಿಕ್ಕಿನ ಗಂಟು. ಅದರ ಗಂಟು ಬಿಚ್ಚಿದರು. ಒಣಚಟ್ಲಿಯ ವಾಸನೆ ಮಳೆನೀರಿನಂತೆ ಆ ಕೋಣೆಯ ಮೂಲೆಮೂಲೆಗೆ ಹರಿಯಿತು. ಪುಸ್ತಕಗಳ ಹಳೆಯ ವಾಸನೆಯನ್ನೆಲ್ಲ ಅದು ಅಡಗಿಸಿಬಿಟ್ಟಿತು. ಈಗ ಮಾತ್ರ ಜಲಜಳ ಮೂಗಿಗೆ ಗೊತ್ತಾಯಿತು. ಸ್ನೇಹಲತಾ ಗಂಟು ಕಟ್ಟಿದರು, ಬೆರಳನ್ನು ಸೆರಗಿಗೆ ಒರೆಸಿಕೊಂಡರು. "ಇದನ್ನೆಲ್ಲ ಲೈಬ್ರರಿಗೆ ತರಬೇಡಿ ಮಾರಾಯ್ರೆ. ಇರುವೆ, ಇಲಿ ಎಲ್ಲ ಬರುತ್ತೆ." ಅದು ನಿಮಗೆಂದೇ ನನ್ನ ತಾಯಿ ಕಳಿಸಿದ್ದು ಎಂದು ಇನ್ನು ಹೇಳುವುದು ಹೇಗೆ? ಹೇಳಿದರೆ ಲಂಚವಾಗಿ ಕಾಣುತ್ತದೆ. ಪುಟಗಳು ಸಿಕ್ಕುವವರೆಗೆ ಸಂಪುಟಗಳನ್ನು ಕೊಡುವುದಕ್ಕಾಗುವುದಿಲ್ಲ, ಬೇಜಾರು ಮಾಡಿಕೊಳ್ಳಬಾರದು ಎಂದರು ಸ್ನೇಹಲತಾ. ಇಬ್ಬರಿಗೂ ಸೇರಿಸಿಯೇ ಹೇಳಿದರು, ಆದರೆ ನೋಡಿದ್ದು ಅವಳನ್ನು. ಕೀರ್ತನ್ ಮಾತ್ರ ಮೆಟ್ಟಿಲವರೆಗೆ ಹಿಂದೆಯೇ ಬಂದು, "ಅಕ್ಕ, ನಾನ್ ನಿಮ್ಗೆಂತ ಮಾಡಿದ್ದೆ?" ಎಂದು ಕೇಳಿದ. ಸಿಟ್ಟಿಗಿಂತ ಹೆಚ್ಚಾಗಿ ಅದು ನಿಜವಾದ ಪ್ರಶ್ನೆಯಂತಿತ್ತು. ಅವಳು ಮೆಟ್ಟಿಲಿಳಿದಳು.

ಕುಂದಾಪುರದಲ್ಲಿ ಬಸ್ಸು ಬದಲಿಸುವಾಗ ಆ ಪೊಟ್ಟಣವನ್ನು ಎಲ್ಲಾದರೂ ಎಸೆದುಬಿಡಬೇಕೆಂದು ನೋಡಿದಳು. ಕೈ ಬರಲಿಲ್ಲ. ಮನೆಗೆ ಬಂದಾಗ ಇಳಿಬಿಸಿಲು. ತಾಯಿ ಪೊಟ್ಟಣ ಹಾಗೇ ವಾಪಸು ಬಂದದ್ದನ್ನು ನೋಡಿ, "ಅವ್ರ್ ತಿಂತಿಲ್ಯಾ?" ಎಂದಳು. ಜಲಜ ಕಂಬಕ್ಕೆ ಒರಗಿ ಕೂತು, ಅಳಬಾರದೆಂದು ಹಲ್ಲು ಕಚ್ಚಿಕೊಂಡು ನಡೆದದ್ದನ್ನೆಲ್ಲ ಹೇಳಿದಳು. ಕೀರ್ತನನ ಬ್ಲೇಡಿನ ಮಾತೊಂದನ್ನು ಬಿಟ್ಟು. ಅಕ್ಕು ಯಾರನ್ನೋ ಬಯ್ಯತೊಡಗಿದಳು, ಓದೂ ಬೇಡ ಏನೂ ಬೇಡ ಎಂದಳು. ಹಿಂದಿನ ಬಾಗಿಲಲ್ಲಿ ಗೋವರ್ಧನ ಬಂದು ನಿಂತಿದ್ದ, ಬಲೆಯ ಸೂಜಿ ಕೈಯಲ್ಲೇ ಇತ್ತು.

"ಆ ಹಾಳೆ ನೀ ತೆಗ್ದ್ಯಾ?" ಎಂದು ಕೇಳಿದ.

"ಇಲ್ಲೆ ಅಣ್ಣ."

"ಹಂಗಾರೆ ಇಲ್ಲೆ" ಎಂದ ಗೋವರ್ಧನ. "ಅವ್ರಿಗ್ ಎಂತಾರೂ ತಪ್ಪ್ ಆಯ್ದ್. ಬಪ್ಪ ವಾರ ಮತ್ತೆ ಹೋಗ್." ಅಷ್ಟು ಹೇಳಿ, ಹೊರಗೆ ಹೋಗಿ ಬಲೆಯ ಮುಂದೆ ಕೂತ. ತೆಂಗಿನ ಬುಡದಿಂದ ಸೂಜಿ ದಾರವೆಳೆಯುವ ಸದ್ದು ಮತ್ತೆ ಬರತೊಡಗಿತು. ಜಲಜ ಕಂಬಕ್ಕೊರಗಿಯೇ ಇದ್ದಳು. ಅಳು ಹೋಗಿತ್ತು. ಅದರ ಜಾಗದಲ್ಲಿ ಬಂದದ್ದು ಏನೆಂದು ಗೊತ್ತಾಗಲಿಲ್ಲ. ಇಷ್ಟೇ ಕೇಳಬೇಕಾದದ್ದು, ಇಷ್ಟೇ ಸುಲಭ. ಈ ನಾಲ್ಕು ವರ್ಷದಲ್ಲಿ ಅವನನ್ನು ಹೀಗೆ ಒಬ್ಬರಾದರೂ ಕೇಳಿದ್ದಾರೆಯೇ? ಠಾಣೆಯಲ್ಲಿ ಎಲ್ಲಿಟ್ಟಿದ್ದೀಯೆಂದು ಕೇಳಿದರು. ದಡದಲ್ಲಿ ಏನೂ ಕೇಳಲಿಲ್ಲ. ಮನೆಯಲ್ಲಿ ಅನ್ನ ಬೇಕಾ, ಸಾರು ಬೇಕಾ ಎಂದು ಕೇಳಿದರು. ಈಗಲೇ ಎದ್ದು ಹೋಗಿ ಕೇಳಿಬಿಡಬೇಕು ಅನ್ನಿಸಿತು. ಆದರೆ ಏಳಲಿಲ್ಲ. ಹೌದೆಂದುಬಿಟ್ಟರೆ?

ವಾರ ಕಳೆಯಿತು. ತರಗತಿಯಲ್ಲಿ ಒಂದು ಮಗುವಿನ ರಬ್ಬರು ಕಾಣೆಯಾಗಿ ಎಲ್ಲ ಮಕ್ಕಳೂ ಒಟ್ಟಿಗೆ ಒಬ್ಬಳನ್ನೇ ತೋರಿಸಿದಾಗ, ಜಲಜ ಆ ಹುಡುಗಿಯ ಚೀಲ ನೋಡದೆ ಸುಮ್ಮನೆ ಪಾಠ ಮುಂದುವರಿಸಿದಳು. ನೋಡದಿದ್ದುದೂ ಆ ಹುಡುಗಿಯ ಮೇಲೆ ಆರೋಪವಾಗಿ ಕೂತಿತು. ಮಧ್ಯಾಹ್ನ ಊಟಕ್ಕೆ ಅವಳ ಪಕ್ಕ ಯಾರೂ ಕೂರಲಿಲ್ಲ. ಭಾನುವಾರ ಹೋಗುವುದೋ ಬೇಡವೋ ಎಂಬ ಚಿಂತೆಯಲ್ಲೇ ಬಸ್ಸು ಹತ್ತಿದಳು. ಹೋಗದಿದ್ದರೆ ತಾನೇ ಒಪ್ಪಿಕೊಂಡ ಹಾಗೆ, ಹೋದರೆ ನಾಚಿಕೆಗೆಟ್ಟವಳ ಹಾಗೆ. ಬಪ್ಪ ವಾರ ಮತ್ತೆ ಹೋಗ್ ಎಂದ ಅಣ್ಣನ ಮಾತೊಂದೇ ಅವಳನ್ನು ಮೆಟ್ಟಿಲು ಹತ್ತಿಸಿತು.

ಸ್ನೇಹಲತಾ ಅವಳನ್ನು ಕಂಡ ಕೂಡಲೇ ಎದ್ದು ನಿಂತರು. "ಬನ್ನಿ, ಬನ್ನಿ ಜಲಜ. ನಿಮಗೇ ಕಾಯುತ್ತಿದ್ದೆ." ಎರಡು ಸಂಪುಟಗಳನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟಿದ್ದರು. ಮುಂದಿನ ವರ್ಷದ ಸಂಪುಟದ ನಟ್ಟನಡುವೆ, ಯಾರೂ ಹುಡುಕದ ಜಾಗದಲ್ಲಿ, ಹಿಂದಿನ ವರ್ಷದ ಆ ಪುಟಗಳು ಸೇರಿಕೊಂಡಿದ್ದವು. ರಟ್ಟು ಕಟ್ಟುವವನು ಹೊಲಿಯುವಾಗ ಒಂದು ಕಂತೆಯನ್ನು ತಪ್ಪಿ ಇದಕ್ಕೆ ಸೇರಿಸಿಬಿಟ್ಟಿದ್ದ. "ಯಾರೂ ಏನೂ ತೆಗೆದೇ ಇಲ್ಲ ನೋಡಿ! ಕಟ್ಟಿಸಿ ತಂದ ದಿನದಿಂದ ಹೀಗೇ ಇದೆ. ನಾನೇ ಸರಿಯಾಗಿ ನೋಡಬೇಕಿತ್ತು." ಅವರು ನಕ್ಕರು, ಆ ನಗುವಿನಲ್ಲಿ ಕ್ಷಮೆ ಕೇಳುವುದಕ್ಕೂ ಕೇಳದಿರುವುದಕ್ಕೂ ನಡುವಿನ ಏನೋ ಇತ್ತು. "ನೀವೂ ಆವತ್ತೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು."

ಜಲಜ ಹಳೆಯ ಸಂಪುಟವನ್ನು ಎಳೆದುಕೊಂಡು ಇನ್ನೂರ ಹನ್ನೆರಡನೆಯ ಪುಟದಲ್ಲಿ ಹೊಲಿಗೆಯ ಹತ್ತಿರ ಬೆರಳು ಆಡಿಸಿದಳು. ನುಣುಪಾಗಿತ್ತು. ಕತ್ತರಿಸಿದ ಅಂಚು ಇರಲಿಲ್ಲ. ಬ್ಲೇಡು ಜಾರಿ ಪಕ್ಕದ ಪುಟಕ್ಕೆ ತಾಗಿದ ಗೀರೂ ಇರಲಿಲ್ಲ. ಬೆಳಕಿಗೆ ಹಿಡಿದು ನೋಡಿದಳು. ಇಲ್ಲ. ಆದರೆ ಅವಳು ನೋಡಿದ್ದಳು! ದೇವರ ಮುಂದೆ ನಿಲ್ಲಿಸಿ ಕೇಳಿದ್ದರೂ ನೋಡಿದ್ದೇನೆಂದೇ ಹೇಳುತ್ತಿದ್ದಳು. ಆ ಕಾಣದ ಅಂಚನ್ನು ಹಿಡಿದುಕೊಂಡೇ ಅಲ್ಲವೇ ಅವಳು ಒಬ್ಬ ಹುಡುಗನ ಕಿಸೆಯ ತನಕ ಹೋದದ್ದು? ಮೂಲೆಯ ಮೇಜು ಖಾಲಿಯಿತ್ತು. "ಕೀರ್ತನ್ ಬರಲಿಲ್ವಾ?" ಎಂದು ಕೇಳಿದಳು. "ಅವರು ಇನ್ನು ಉಡುಪಿಯಲ್ಲೇ ಓದುತ್ತಾರಂತೆ" ಎನ್ನುತ್ತಾ ಸ್ನೇಹಲತಾ ಸಂಪುಟದ ಧೂಳು ಒರೆಸಿದರು. "ಪುಟ ಸಿಕ್ಕಿತು ಅಂತ ಫೋನು ಮಾಡಿ ಹೇಳಿದೆ. ಒಳ್ಳೆಯದಾಯ್ತು ಮೇಡಂ ಅಂದರು, ಅಷ್ಟೆ. ಪಾಪ, ಫ್ಯಾನು ಸರಿಯಾಗಿ ತಿರುಗುವುದು ಆ ಮೂಲೆಯ ಮೇಜಿಗೆ ಮಾತ್ರ ಅಂತ ಯಾವಾಗಲೂ ಅಲ್ಲೇ ಹೋಗಿ ಕೂರುತ್ತಿದ್ದರು." ಜಲಜ ಫ್ಯಾನನ್ನು ನೋಡಿದಳು. ಅವಳ ಮೇಜಿನ ಮೇಲಿದ್ದದ್ದು ಅಲುಗದೆ ನಿಂತಿತ್ತು. ಅದು ಎಂದಿನಿಂದ ಹಾಗೆ ನಿಂತಿದೆಯೆಂದು ಅವಳು ಗಮನಿಸಿಯೇ ಇರಲಿಲ್ಲ.

ಲೇಖನವನ್ನು ಓದಿದಳು. ಅದಕ್ಕಾಗಿ ಇಷ್ಟೆಲ್ಲ ನಡೆದಿತ್ತಲ್ಲ, ಓದದೆ ಹೇಗೆ? ಅದರ ತುಂಬ ಕೋಷ್ಟಕಗಳಿದ್ದವು. ಯಾವ ತಿಂಗಳಲ್ಲಿ ಬಲೆ ಹೆಚ್ಚು ಕಳವಾಗುತ್ತದೆ, ಯಾವ ತಿಂಗಳಲ್ಲಿ ಎಂಜಿನ್, ಎಷ್ಟು ಸಿಕ್ಕಿದವು, ಎಷ್ಟು ಸಿಗಲಿಲ್ಲ. ನಸುಕಿನಲ್ಲಿ ಕಾಲು ತೊಳೆಯುವವನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಕೊನೆಯ ಪುಟದಲ್ಲಿ ಬೇರೆ ಲೇಖನಗಳ ಹೆಸರುಗಳಿದ್ದವು. ಅವಳು ಅವುಗಳನ್ನು ಬರೆದುಕೊಳ್ಳಲು ಪೆನ್ನು ತೆರೆದು, ಹಾಗೇ ಮುಚ್ಚಿದಳು. ಬಾವಿಕಟ್ಟೆ, ಒದ್ದೆ ಕಾಲು, ಸೀಮೆಎಣ್ಣೆ. ಅವುಗಳಲ್ಲಿ ಎಷ್ಟನ್ನು ಕಣ್ಣು ನೋಡಿತ್ತು, ಎಷ್ಟನ್ನು ಆಮೇಲೆ ಮನಸ್ಸು ಕೂತು ಹೊಲಿದು ಸೇರಿಸಿತ್ತು? ಅಂದು ಬಾವಿಯ ಹತ್ತಿರ ಬೆಳಕಾದರೂ ಇತ್ತೇ? ಇನ್ನು ಪುಸ್ತಕದಲ್ಲಿ ಹುಡುಕುವುದಲ್ಲ. ಕೇಳಬೇಕು. ಇವತ್ತೇ ಕೇಳಬೇಕು. ಮರವಂತೆಯವರೆಗೂ ಆ ಒಂದು ವಾಕ್ಯವನ್ನು ಬಾಯೊಳಗೆ ಇಟ್ಟುಕೊಂಡು ಬಂದಳು, ಕಂಡಕ್ಟರು ಎಲ್ಲಿಗೆಂದು ಕೇಳಿದರೂ ಬಾಯಿ ಬಿಟ್ಟರೆ ಅದೇ ಹೊರಬಿದ್ದೀತೆಂಬ ಹಾಗೆ.

ಗೋವರ್ಧನ ಮನೆಯ ಹಿಂದೆ ಇರಲಿಲ್ಲ. ಕಡಲಿಗೆ ಅಡ್ಡವಾಗಿ ಹಾಕಿದ ಕಲ್ಲುಗಳ ಈಚೆ, ದಾರಿಯಲ್ಲಿ ಜನ ಕಡಿಮೆಯಿರುವ ಕಡೆ, ಬಲೆ ಹರವಿಕೊಂಡು ಕೂತಿದ್ದ. ಅಲೆ ಕಲ್ಲಿಗೆ ಬಡಿದಾಗ ತುಂತುರು ಅವನ ಬೆನ್ನಿಗೆ ಬೀಳುತ್ತಿತ್ತು. ತಂಗಿಯನ್ನು ಕಂಡು, "ಎಂತಾಯ್ತ್?" ಎಂದ.

"ಹಾಳೆ ಸಿಕ್ತ್. ಪುಸ್ತಕ ಕಟ್ಟುವವ್ರದ್ದೇ ತಪ್ಪ್ ಅಂಬ್ರ್."

"ನಾನ್ ಹೇಳಿದ್ನಲೆ." ಅವನು ನಕ್ಕ. ಎಷ್ಟು ದಿನದ ಮೇಲೆ ಅವನು ಹೀಗೆ ನಗುತ್ತಿರುವುದು ಎಂದು ಅವಳಿಗೆ ನೆನಪಾಗಲಿಲ್ಲ.

"ಅಣ್ಣ" ಎಂದಳು. "ಚಂದಯ್ಯನ ಎಂಜಿನ್ ನೀ ತೆಗ್ದದ್ದಾ?"

ಸೂಜಿ ನಿಂತಿತು. ಅವನು ಸಿಟ್ಟಾಗಲಿಲ್ಲ, ಆಶ್ಚರ್ಯಪಟ್ಟಂತೆಯೂ ಕಾಣಲಿಲ್ಲ. ಬಹಳ ಹಿಂದೆ ಹೊರಟು ದಾರಿ ತಪ್ಪಿದ ನೆಂಟರು ಕೊನೆಗೂ ಬಂದು ಬಾಗಿಲಲ್ಲಿ ನಿಂತರೆ ನೋಡುವ ಹಾಗೆ ಅವಳನ್ನು ನೋಡಿದ.

"ಇಲ್ಲೆ" ಎಂದ.

ಒಂದು ಮಾತು. ಅವಳು ಹೇಳಿದ್ದಷ್ಟೇ ಚಿಕ್ಕದು, ಅದೇ ಮಾತು. ಈಗ ಅವಳು ಹಂಗಾರೆ ಇಲ್ಲೆ ಎನ್ನಬೇಕು. ಅಷ್ಟೇ ಮಾಡಬೇಕಾದದ್ದು. ಅದನ್ನು ಹೇಳಲೆಂದೇ ಅವಳು ಬಂದಿದ್ದಳು. ಆದರೆ ಅವಳ ಕಣ್ಣು ಅಷ್ಟರಲ್ಲೇ ಅವನ ರೆಪ್ಪೆಯ ಮೇಲೆ ಹೋಗಿತ್ತು, ಅಲ್ಲಿಂದ ಗಂಟಲಿಗೆ, ಅಲ್ಲಿಂದ ಸೂಜಿ ಹಿಡಿದ ಹೆಬ್ಬೆರಳಿಗೆ. ಹೆಬ್ಬೆರಳು ದಾರವನ್ನು ಒಂದು ಸುತ್ತು ಸುತ್ತಿಕೊಂಡಿತು. ಉತ್ತರಕ್ಕೆ ಮೊದಲು ಸುತ್ತಿಕೊಂಡಿತೋ, ಆಮೇಲೋ? ಸುಳ್ಳು ಹೇಳುವವರು ಕೈಗೆ ಕೆಲಸ ಕೊಡುತ್ತಾರೆಂದು ಎಲ್ಲಿ ಓದಿದ್ದು? ಸತ್ಯ ಹೇಳುವವರೂ ಕೊಡುತ್ತಾರೆಂದು ಅದೇ ಪುಟದ ಕೆಳಗೆ ಇರಲಿಲ್ಲವೇ? ಓದಿದ್ದೆಲ್ಲ ಒಂದೊಂದಾಗಿ ಎದ್ದು ಬಂದು ಅಣ್ಣನಿಗೂ ತನಗೂ ನಡುವೆ ನಿಲ್ಲುತ್ತಿದ್ದುದನ್ನು ಅವಳು ನೋಡಿದಳು, ತಡೆಯಲಾಗಲಿಲ್ಲ.

"ಪೊಲೀಸ್ರೂ ಹೀಂಗೇ ನನ್ ಮುಖ ಕಾಂತಿದ್ರ್" ಎಂದ ಗೋವರ್ಧನ.

ಜಲಜ ಥಟ್ಟನೆ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣೊಳಗೆ ಕೆಂಪು, ಅದರಾಚೆ ಅಲೆಯ ಸದ್ದು. ಹೀಗಿದ್ದರೆ ಆಗುತ್ತದೆ, ಮುಖ ಕಾಣದಿದ್ದರೆ, ಬರೀ ಮಾತು ಕೇಳಿದರೆ ಸಾಕು, ಆಗ ನಂಬಬಹುದು ಅನ್ನಿಸಿತು.

"ಅಣ್ಣ, ಇನ್ನೊಂದ್ ಸಲ ಹೇಳ್" ಎಂದಳು. "ನಾನ್ ಕಾಂತಿಲ್ಲೆ. ಇನ್ನೊಂದ್ ಸಲ ಹೇಳ್."

ಸೂಜಿ ದಾರವೆಳೆಯುವ ಸದ್ದು ಮತ್ತೆ ಶುರುವಾಯಿತು. ಒಂದು ಅಲೆ ಬಂದು ಕಲ್ಲಿಗೆ ಬಡಿದು ಹಿಂದಕ್ಕೆ ಹೋಯಿತು. ಇನ್ನೊಂದು ಬಂತು.

"ಆ ಹಾಳೆ ವಿಷ್ಯ ನಿನ್ನತ್ರ ನಾನ್ ಒಂದೇ ಸಲ ಕೇಂಡದ್" ಎಂದ ಅವನು.